ಮಂಡಿಯವರೆಗಿನ ಕ್ಲಾಸ್ 2 ಕಂಪ್ರೆಷನ್ ಕಾಲುಚೀಲ: ಸರಕು ಒಳ್ಳೆಯದೇ, ತಕರಾರೆಲ್ಲ ಅಳತೆಯದು

ವೆರಿಕೋಸ್ ವೇನ್ಸ್, ಅಂದರೆ ಕಾಲಿನ ನರ (ಅಭಿಧಮನಿ) ಉಬ್ಬುವ ತೊಂದರೆ ಎಂದು ಗೊತ್ತಾದ ಮೇಲೆ ಹೆಚ್ಚಿನವರ ಕೈಗೆ ಮೊದಲು ಬರುವ ವಸ್ತು ಕಂಪ್ರೆಷನ್ ಕಾಲುಚೀಲ. ನಾಲ್ಕು ದಿನ ಹಾಕಿ ಕಪಾಟಿನ ಮೂಲೆಗೆ ತಳ್ಳುವ ವಸ್ತುವೂ ಅದೇ. ಹಾಕೋಕೇ ಆಗಲ್ಲ, ಮಂಡಿ ಕೆಳಗೆ ಹಗ್ಗ ಕಟ್ಟಿದ ಹಾಗೆ ಗುರುತು ಬೀಳುತ್ತೆ, ಮಧ್ಯಾಹ್ನದ ಹೊತ್ತಿಗೆ ಜಾರಿ ಸುಕ್ಕಾಗುತ್ತೆ, ಇಷ್ಟು ಕಷ್ಟಪಟ್ಟು ಹಾಕಿದರೂ ನರ ಹಾಗೇ ಇದೆ. ಕೊಂಡವರ ದೂರುಗಳನ್ನು ಸೋಸಿದರೆ ಉಳಿಯುವುದು ಈ ನಾಲ್ಕೇ. ಮೊದಲ ಮೂರಕ್ಕೆ ಕಾರಣ ಅಳತೆ ಮತ್ತು ಹಾಕುವ ಕ್ರಮ. ನಾಲ್ಕನೆಯದಕ್ಕೆ ಕಾರಣ, ಕಾಲುಚೀಲದ ಕೆಲಸವಲ್ಲದ್ದನ್ನು ಅದರಿಂದ ಬಯಸಿದ್ದು.

ಇಲ್ಲಿ ನೋಡುತ್ತಿರುವುದು ಒಂದು ಬ್ರ್ಯಾಂಡನ್ನಲ್ಲ, ಒಂದು ಬಗೆಯನ್ನು: ಮಂಡಿಯವರೆಗೆ ಬರುವ, ಬೆರಳು ತೆರೆದಿರುವ, ಹೊಲಿಗೆಯಿಲ್ಲದ ದುಂಡು ಹೆಣಿಗೆಯ, ಪಾದದ ಗಿಣ್ಣಿನ (ಹಿಮ್ಮಡಿಯ ಮೇಲಿನ ಸಂದು) ಹತ್ತಿರ 23ರಿಂದ 32 ಮಿ.ಮೀ. ಪಾದರಸದಷ್ಟು ಒತ್ತಡ ಕೊಡುವ ಕಾಲುಚೀಲ. ತೊಡೆಯವರೆಗಿನದು, ಆಸ್ಪತ್ರೆಯ ಬಿಳಿಯದು, ವೆಲ್ಕ್ರೋ ಪಟ್ಟಿಯದು ಇವೆಲ್ಲ ಹೋಲಿಕೆಗಷ್ಟೇ ಬರುತ್ತವೆ.

ಅದು ಮಾಡುವ ಕೆಲಸವೇನು? ನೆಟ್ಟಗೆ ನಿಂತಾಗ ಗಿಣ್ಣಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿ.ಮೀ. ಇರುತ್ತದೆ. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ಭಾರ ಅದು. ಆರೋಗ್ಯವಂತರು ನಾಲ್ಕು ಹೆಜ್ಜೆ ನಡೆದರೆ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ, ಕವಾಟಗಳು ಅದನ್ನು ಕೆಳಗಿಳಿಯಲು ಬಿಡುವುದಿಲ್ಲ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಅದು ಅಷ್ಟಾಗಿ ಇಳಿಯುವುದಿಲ್ಲ. ಸಂಜೆಯ ಊತ, ಭಾರ, ಗಿಣ್ಣಿನ ಒಳಬದಿಯಲ್ಲಿ ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣು, ಎಲ್ಲದರ ಬೇರು ಇದೇ. ಕಾಲುಚೀಲ ಹೊರಗಿನಿಂದ ಒತ್ತಿ ನಾಳದ ಅಗಲವನ್ನು ಕಿರಿದು ಮಾಡುತ್ತದೆ, ಅಂಗಾಂಶಕ್ಕೆ ನೀರು ಸೋರುವುದನ್ನು ತಗ್ಗಿಸುತ್ತದೆ, ಮೀನಖಂಡ ಹಿಂಡುವಾಗ ಅದಕ್ಕೊಂದು ಆಸರೆಯಾಗುತ್ತದೆ. ಕೆಟ್ಟ ಕವಾಟವನ್ನು ಸರಿಮಾಡುವುದಿಲ್ಲ. ಕಾಲುಚೀಲ ಬಿಚ್ಚಿ ನಿಂತರೆ ನಾಳ ಮತ್ತೆ ಉಬ್ಬಿಯೇ ಉಬ್ಬುತ್ತದೆ. ಹಾಗಾಗಿ ನರ ಮಾಯವಾಗಲಿಲ್ಲ ಎಂದು ಒಂದು ನಕ್ಷತ್ರ ಕೊಡುವುದು, ಕನ್ನಡಕದಿಂದ ಕಣ್ಣು ಗುಣವಾಗಲಿಲ್ಲ ಎಂದು ದೂರಿದ ಹಾಗೆ.

ಕೊಳ್ಳುವ ಮೊದಲು ಎರಡು ಪರೀಕ್ಷೆ ಆಗಿರಬೇಕು. ಅಂಗಡಿಯವರು ಇವುಗಳ ಮಾತೆತ್ತುವುದಿಲ್ಲ, ಆನ್‌ಲೈನ್ ಮಾರಾಟದಲ್ಲಂತೂ ಕೇಳುವವರೇ ಇಲ್ಲ.

ಒಂದು, ಡ್ಯುಪ್ಲೆಕ್ಸ್ ಅಲ್ಟ್ರಾಸೌಂಡ್, ಅಂದರೆ ನಾಳವನ್ನೂ ಅದರೊಳಗಿನ ರಕ್ತದ ಹರಿವನ್ನೂ ತೋರಿಸುವ ಸ್ಕ್ಯಾನ್. ಇದನ್ನು ನಿಲ್ಲಿಸಿ ಮಾಡಬೇಕು. ಅಂಗಾತ ಮಲಗಿಸಿ ಮಾಡಿದ ವೆರಿಕೋಸ್ ಸ್ಕ್ಯಾನನ್ನು ಅರ್ಧವಷ್ಟೇ ನಂಬಬಹುದು. ಮಲಗಿದಾಗ ನಾಳ ಕುಗ್ಗಿರುತ್ತದೆ, ಹಿಮ್ಮುಖ ಹರಿವು ಕಾಣದೆ ಹೋಗಬಹುದು. ತಂತ್ರಜ್ಞರು ಮೀನಖಂಡವನ್ನು ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಕೆಳಕ್ಕೆ ಹರಿಯಿತೆಂದು ನೋಡುತ್ತಾರೆ. ಚರ್ಮದಡಿಯ ನಾಳಗಳಲ್ಲಿ ಅದು 0.5 ಸೆಕೆಂಡ್ ಮೀರಿದರೆ, ತೊಡೆ ಮತ್ತು ಮಂಡಿಯ ಹಿಂದಿನ ಆಳದ ನಾಳಗಳಲ್ಲಿ 1 ಸೆಕೆಂಡ್ ಮೀರಿದರೆ ಕವಾಟ ಸೋರುತ್ತಿದೆ ಎಂದರ್ಥ. ವರದಿಯಲ್ಲಿ "ಎಡ ಜಿಎಸ್‌ವಿ, ಎಸ್‌ಎಫ್‌ಜೆ ಇನ್‌ಕಾಂಪಿಟೆಂಟ್, ರಿಫ್ಲಕ್ಸ್ 2.4 ಸೆಕೆಂಡ್, ವ್ಯಾಸ 7.8 ಮಿ.ಮೀ., ಡೀಪ್ ವೇನ್ಸ್ ಕಂಪ್ರೆಸಿಬಲ್" ಎಂಬಂಥ ಸಾಲಿದ್ದರೆ ಅದನ್ನು ಹೀಗೆ ಓದಿಕೊಳ್ಳಿ: ಎಡಗಾಲಿನ ಒಳಬದಿಯ ದೊಡ್ಡ ಮೇಲ್ಪದರದ ನಾಳ ತೊಡೆಸಂದಿಯಲ್ಲಿ ಆಳದ ನಾಳವನ್ನು ಕೂಡುವಲ್ಲಿ ಕವಾಟ ಕೆಟ್ಟಿದೆ, ರಕ್ತ ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಕೆಳಗಿಳಿಯುತ್ತಿದೆ, ನಾಳ ಹಿಗ್ಗಿದೆ, ಆಳದ ನಾಳಗಳನ್ನು ಪ್ರೋಬ್‌ನಿಂದ ಒತ್ತಿದಾಗ ಪೂರ್ತಿ ಮುಚ್ಚಿಕೊಂಡವು, ಅಂದರೆ ಹೆಪ್ಪು ಇಲ್ಲ. ಕೊನೆಯ ಆ ತುಣುಕು ಬಹಳ ಮುಖ್ಯ. ಒತ್ತಿದರೂ ಮುಚ್ಚಿಕೊಳ್ಳದ ಆಳದ ನಾಳದಲ್ಲಿ ಹೆಪ್ಪು ಕೂತಿರಬಹುದು, ಅದಕ್ಕೆ ಮದ್ದು ರಕ್ತ ತಿಳಿಮಾಡುವ ಔಷಧಿಯೇ ಹೊರತು ಕಾಲುಚೀಲವಲ್ಲ. ಒಂದೇ ಕಾಲು ಒಂದೆರಡು ದಿನದಲ್ಲಿ ಏಕಾಏಕಿ ಊದಿ ಮೀನಖಂಡ ನೋಯುತ್ತಿದ್ದರೆ ಸೈಜ್ ಚಾರ್ಟ್ ನೋಡುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಏದುಸಿರು ಅಥವಾ ಎದೆನೋವು ಇದ್ದರೆ ತುರ್ತು ವಿಭಾಗಕ್ಕೇ.

ಎರಡನೆಯದು ಎಬಿಐ (ಆಂಕಲ್-ಬ್ರೇಕಿಯಲ್ ಇಂಡೆಕ್ಸ್), ಗಿಣ್ಣಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವ ಲೆಕ್ಕ. ಐದು ಹತ್ತು ನಿಮಿಷ ಮಲಗಿಸಿ, ಎರಡೂ ತೋಳಿನಲ್ಲಿ, ಎರಡೂ ಗಿಣ್ಣಿನ ಮೇಲೆ ಪಟ್ಟಿ ಕಟ್ಟಿ, ಕೈಯಲ್ಲಿ ಹಿಡಿಯುವ ಡಾಪ್ಲರ್ ಪೆನ್ನಿನಿಂದ ರಕ್ತದೊತ್ತಡದ ಮೇಲಿನ ಅಂಕಿಯನ್ನು (ಸಿಸ್ಟಾಲಿಕ್) ಅಳೆಯುತ್ತಾರೆ. ಪಾದದ ಮೇಲ್ಭಾಗದ ಧಮನಿ, ಗಿಣ್ಣಿನ ಒಳಮೂಳೆಯ ಹಿಂದಿನ ಧಮನಿ, ಇವೆರಡರಲ್ಲಿ ಹೆಚ್ಚು ಬಂದದ್ದನ್ನು ತೋಳುಗಳ ಪೈಕಿ ಹೆಚ್ಚು ಬಂದದ್ದರಿಂದ ಭಾಗಿಸಿದರೆ ಆ ಕಾಲಿನ ಎಬಿಐ. ತೋಳಿನಲ್ಲಿ 140, ಗಿಣ್ಣಿನಲ್ಲಿ 98 ಬಂದರೆ 0.7. ಒಂದರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿಗೆ ರಕ್ತ ಒಯ್ಯುವ ಧಮನಿಯೇ ಕಿರಿದಾಗಿದೆ. 0.6ಕ್ಕಿಂತ ಕೆಳಗೆ, ಅಥವಾ ಗಿಣ್ಣಿನ ಒತ್ತಡವೇ 60 ಮಿ.ಮೀ.ಗಿಂತ ಕಡಿಮೆ ಇದ್ದರೆ ಈ ಕಾಲುಚೀಲ ಮುಟ್ಟಲೇಬಾರದು. ಬರುವ ರಕ್ತವೇ ಕಡಿಮೆಯಿರುವ ಕಾಲನ್ನು ಹೊರಗಿನಿಂದ ಇನ್ನಷ್ಟು ಹಿಂಡಿದರೆ ಚರ್ಮ ಸಾಯುತ್ತದೆ. ನಡುವಿನ ಸಂಖ್ಯೆಗಳಿಗೆ ವೈದ್ಯರ ನಿಗಾದಲ್ಲಿ ಕಡಿಮೆ ಒತ್ತಡದ್ದು, ಅಷ್ಟೇ.

ಎಬಿಐಯಲ್ಲಿ ಒಂದು ಮೋಸವಿದೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ, ಕಿಡ್ನಿ ಕೈಕೊಟ್ಟವರಲ್ಲಿ ಧಮನಿಯ ಗೋಡೆಗೆ ಸುಣ್ಣ ಕಟ್ಟಿ ಪೈಪಿನಂತೆ ಗಡುಸಾಗಿರುತ್ತದೆ. ಪಟ್ಟಿ ಎಷ್ಟು ಉಬ್ಬಿಸಿದರೂ ಅದು ಮುಚ್ಚಿಕೊಳ್ಳುವುದಿಲ್ಲ, ಅಂಕಿ 1.4 ದಾಟುತ್ತದೆ, ಇಲ್ಲವೇ ಕಾಯಿಲೆಯಿದ್ದೂ ಸರಿಯಿರುವಂತೆ ಕಾಣುತ್ತದೆ. ಅಂಥವರಿಗೆ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಕಟ್ಟಿ ಅಳೆಯಬೇಕು. ಅಲ್ಲಿ ಸಿಕ್ಕ ಒತ್ತಡ 30 ಮಿ.ಮೀ.ಗಿಂತ ಕಡಿಮೆ ಬಂದರೆ ಕಾಲುಚೀಲದ ಮಾತೇ ಇಲ್ಲ. ಪಾದದಲ್ಲಿ ಸ್ಪರ್ಶವೇ ಗೊತ್ತಾಗದವರು, ಹೃದಯ ವೈಫಲ್ಯ ಬಲವಾಗಿರುವವರು, ಕಾಲಿನಲ್ಲಿ ಚರ್ಮದಡಿಯೇ ಹಾದುಹೋಗುವ ಬೈಪಾಸ್ ನಾಳ ಹಾಕಿಸಿಕೊಂಡವರು, ಇವರೂ ತಾವಾಗಿ ಕೊಳ್ಳಬಾರದು.

ಇನ್ನು ಪೊಟ್ಟಣದ ಮೇಲಿನ "ಕ್ಲಾಸ್ 2". ಈ ಎರಡು ಪದಗಳನ್ನು ನಂಬಿ ಕೊಂಡರೆ ಕೆಟ್ಟಿರಿ. ಜರ್ಮನಿಯ ಮಾನದಂಡದಲ್ಲಿ ಕ್ಲಾಸ್ 1 ಅಂದರೆ 18ರಿಂದ 21, ಕ್ಲಾಸ್ 2 ಅಂದರೆ 23ರಿಂದ 32, ಕ್ಲಾಸ್ 3 ಅಂದರೆ 34ರಿಂದ 46 ಮಿ.ಮೀ. ಬ್ರಿಟಿಷ್ ಮಾನದಂಡದಲ್ಲಿ ಕ್ಲಾಸ್ 2 ಅಂದರೆ ಬರೀ 18ರಿಂದ 24. ಅಮೆರಿಕದ ತಯಾರಕರು ಕ್ಲಾಸಿನ ಗೋಜಿಗೆ ಹೋಗದೆ 15–20, 20–30, 30–40 ಎಂದು ನೇರವಾಗಿ ಅಂಕಿ ಬರೆಯುತ್ತಾರೆ. ಒಂದೇ ಹೆಸರು, ಎರಡು ಬೇರೆ ಒತ್ತಡ. ಆದ್ದರಿಂದ ಚೀಟಿ ಬರೆಸಿಕೊಳ್ಳುವಾಗಲೂ ಕೊಳ್ಳುವಾಗಲೂ ಮಿ.ಮೀ. ಅಂಕಿಯನ್ನೇ ಕೇಳಿ. "ಮೆಡಿಕಲ್ ಗ್ರೇಡ್", "ಹೈ ಕಂಪ್ರೆಷನ್" ಎಂದಷ್ಟೇ ಬರೆದು ಅಂಕಿಯನ್ನೇ ಕೊಡದ ಪೊಟ್ಟಣ ಬರೀ ಬಿಗಿ ಸಾಕ್ಸ್. ಅಂಕಿಯ ಜೊತೆ ಒತ್ತಡ ಮೇಲೇರಿದಂತೆ ಕಡಿಮೆಯಾಗುತ್ತದೆ ಎಂಬುದೂ ಇರಬೇಕು: ಗಿಣ್ಣಿನಲ್ಲಿ ನೂರಾದರೆ ಮೀನಖಂಡದಲ್ಲಿ ಎಪ್ಪತ್ತರ ಸುಮಾರು.

ಅಳತೆಗೆ ಬರೋಣ, ಎಲ್ಲ ಹಾಳಾಗುವ ಜಾಗ ಇದೇ. ಶೂ ಸೈಜ್ ಕೇಳಿ ಕಾಲುಚೀಲ ಕೊಡುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ಪಾದ ಎಂಟು ನಂಬರಿನದಾದರೂ ಗಿಣ್ಣು 20 ಸೆಂ.ಮೀ. ಇರಬಹುದು, 26 ಕೂಡ ಇರಬಹುದು. ಅಳೆಯಬೇಕಾದ್ದು ಬೆಳಿಗ್ಗೆ, ಹಾಸಿಗೆಯಿಂದ ಎದ್ದ ಅರ್ಧ ಗಂಟೆಯೊಳಗೆ, ಊತ ಏರುವ ಮೊದಲು. ಹೊಲಿಗೆಯವರ ಟೇಪನ್ನು ಬರಿ ಚರ್ಮದ ಮೇಲೆ ಸುತ್ತಬೇಕು. ಚರ್ಮವನ್ನು ಮುಟ್ಟಿಕೊಂಡಿರಬೇಕು, ಒತ್ತಬಾರದು. ಗಿಣ್ಣಿನ ಮೂಳೆಗಿಂತ ಸ್ವಲ್ಪ ಮೇಲೆ, ಕಾಲು ಎಲ್ಲಕ್ಕಿಂತ ಸಣಕಲಾಗಿರುವಲ್ಲಿ ಒಂದು ಸುತ್ತಳತೆ. ಇದನ್ನು ಚಾರ್ಟ್‌ಗಳಲ್ಲಿ ಬಿ ಎಂದು ಗುರುತಿಸಿರುತ್ತಾರೆ. ಮೀನಖಂಡ ಎಲ್ಲಕ್ಕಿಂತ ದಪ್ಪವಿರುವಲ್ಲಿ ಇನ್ನೊಂದು, ಸಿ. ಮಂಡಿ ಮಡಿಚುವ ಗೆರೆಗಿಂತ ಎರಡು ಬೆರಳು ಕೆಳಗೆ ಮತ್ತೊಂದು, ಡಿ. ಕೊನೆಗೆ ನೆಲದಿಂದ ಆ ಡಿ ಬಿಂದುವಿನವರೆಗೆ ಉದ್ದ. ಎರಡೂ ಕಾಲನ್ನು ಬೇರೆ ಬೇರೆ ಅಳೆದು ಬರೆದಿಡಿ. ಒಂದು ಕಾಲಷ್ಟೇ ಕೆಟ್ಟವರಲ್ಲಿ ಎರಡರ ಸೈಜೂ ಬೇರೆ ಬರುವುದು ಮಾಮೂಲಿ.

ಚಾರ್ಟ್‌ನಲ್ಲಿ ಗಿಣ್ಣು ಎಂ ಎಂದು, ಮೀನಖಂಡ ಎಲ್ ಎಂದು ತೋರಿಸಿದರೆ ಏನು ಮಾಡುವುದು? ಒತ್ತಡವನ್ನು ನಿರ್ಧರಿಸುವುದು ಗಿಣ್ಣು, ಅದನ್ನು ಬಿಟ್ಟುಕೊಡಬಾರದು. ಅದೇ ಸೈಜಿನಲ್ಲಿ ಅಗಲ ಮೀನಖಂಡದ್ದೆಂದು ಬೇರೆ ಮಾದರಿ ಬರುತ್ತದೆ, ಅದನ್ನು ಕೇಳಿ. ಮಾರುವವರು ಮೀನಖಂಡಕ್ಕೆ ಸರಿಹೊಂದಿಸಲು ಎಲ್ ಕೊಡುತ್ತಾರೆ. ಆಗ ಗಿಣ್ಣು ಸಡಿಲ, ಮೇಲೆ ಬಿಗಿ. ಒತ್ತಡ ತಲೆಕೆಳಗಾಗಿ ಕಾಲುಚೀಲವೇ ರಕ್ತ ಏರದಂತೆ ತಡೆಯುತ್ತದೆ, ಪಾದ ಮೊದಲಿಗಿಂತ ಹೆಚ್ಚು ಊದುತ್ತದೆ. ಉದ್ದದಲ್ಲೂ ಇದೇ ಕಥೆ. ಉದ್ದ ಹೆಚ್ಚಾದ ಕಾಲುಚೀಲದ ಮೇಲಂಚನ್ನು ಮಡಚಿ ಹಾಕಿಕೊಳ್ಳುವವರಿದ್ದಾರೆ. ಮಡಚಿದ ಕಡೆ ಎರಡು ಪದರ, ಹೆಚ್ಚುಕಡಿಮೆ ಎರಡು ಪಟ್ಟು ಒತ್ತಡ. ಮಂಡಿ ಕೆಳಗೆ ಹಗ್ಗದ ಗುರುತು ಎಂಬ ದೂರು ಹುಟ್ಟುವುದು ಇಲ್ಲೇ.

ಬಟ್ಟೆಯ ಬಗ್ಗೆ ಎರಡು ಮಾತು. ನೈಲಾನ್ ಮತ್ತು ಎಲಾಸ್ಟೇನ್ ನೂಲಿನ ದುಂಡು ಹೆಣಿಗೆಯದು ತೆಳು, ಶೂ ಒಳಗೆ ಹಿಡಿಯುತ್ತದೆ, ಪ್ಯಾಂಟು ಸೀರೆಯಡಿ ಕಾಣುವುದಿಲ್ಲ. ಆದರೆ ಸುತ್ತಿನ ಕಣ್ಣುಗಳ ಸಂಖ್ಯೆ ಮೇಲಿನಿಂದ ಕೆಳಗಿನವರೆಗೆ ಒಂದೇ ಆದ್ದರಿಂದ ಅದು ಹೊಂದಿಕೊಳ್ಳುವ ಆಕಾರಕ್ಕೊಂದು ಮಿತಿಯಿದೆ. ಗಿಣ್ಣು ಗಡುಸಾಗಿ ಸೊರಗಿ ಮೇಲೆ ಮೀನಖಂಡ ಉಬ್ಬಿ, ಬಾಟಲಿಯನ್ನು ತಲೆಕೆಳಗೆ ಮಾಡಿದಂತಾದ ಕಾಲಿಗೂ, ದುಗ್ಧರಸ ಕಟ್ಟಿ ಊದಿ (ಲಿಂಫಿಡೀಮಾ) ಮಡಿಕೆ ಬಿದ್ದ ಕಾಲಿಗೂ ಇದು ಮಡಿಕೆಯೊಳಗೆ ಕಚ್ಚಿ ಗಾಯ ಮಾಡುತ್ತದೆ. ಅವರಿಗೆ ಹಿಂದೆ ಹೊಲಿಗೆಯಿರುವ, ಅಳತೆಕೊಟ್ಟು ಹೆಣೆಸುವ ಚಪ್ಪಟೆ ಹೆಣಿಗೆಯೇ ಸರಿ. ನೋಡಲು ದಪ್ಪ, ಒರಟು. ಆದರೆ ಹಿಗ್ಗದೆ ನಿಲ್ಲುತ್ತದೆ.

ಹಾಕುವ ಕ್ರಮ ತಿಳಿಯದವರು ಸಾದಾ ಸಾಕ್ಸಿನಂತೆ ಮೇಲಂಚು ಹಿಡಿದು ಎಳೆಯುತ್ತಾರೆ. ಈ ಬಟ್ಟೆ ಹಾಗೆ ಏರುವುದಿಲ್ಲ, ಏರಿದರೂ ಎಲ್ಲ ಬಿಗಿಯೂ ಮೇಲಕ್ಕೆ ಹೋಗಿ ಕೂರುತ್ತದೆ. ಕೈ ಒಳಗೆ ಹಾಕಿ ಹಿಮ್ಮಡಿಯ ಚೀಲವನ್ನು ಹಿಡಿದು, ಅಲ್ಲಿಯವರೆಗೆ ಒಳಮಗ್ಗಲು ಮಾಡಿಕೊಳ್ಳಿ. ಪಾದವನ್ನು ತೂರಿಸಿ, ಹಿಮ್ಮಡಿ ತನ್ನ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಅದು ಒಂದು ಬೆರಳಷ್ಟು ವಾರೆಯಾದರೂ ಗಿಣ್ಣಿನ ಎದುರು ಸುಕ್ಕು ಬಿದ್ದು ಸಂಜೆಗೆ ಅಲ್ಲೊಂದು ಕೆಂಪು ಗೆರೆ ಮೂಡಿರುತ್ತದೆ. ಆಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡ ಅಂಗೈಯಿಂದ ಬಟ್ಟೆಯನ್ನು ಕಾಲಿನ ಮೇಲೆ ಉಜ್ಜುತ್ತ, ಎರಡೆರಡು ಬೆರಳಿನಷ್ಟೇ ಮೇಲಕ್ಕೆ ಸರಿಸುತ್ತ ಹೋಗಿ. ಗ್ಲೌಸ್ ಅಲಂಕಾರಕ್ಕಲ್ಲ: ಜಾರದ ಹಿಡಿತ ಸಿಗುತ್ತದೆ, ಉಗುರು ತಗುಲಿ ನೂಲು ಹರಿಯುವುದಿಲ್ಲ. ಮಂಡಿ ಗೆರೆಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ, ಇನ್ನೂ ಬಟ್ಟೆ ಉಳಿದರೆ ಮೇಲೆ ಎಳೆಯದೆ ಕೆಳಕ್ಕೆ ಸವರಿ ಹಂಚಿ.

ಬೆರಳು ತೆರೆದ ಮಾದರಿಗೆ ನಮ್ಮ ಓಟು ಇರುವುದು ಇದಕ್ಕೇ. ಪಾದಕ್ಕೆ ಮೊದಲು ಜಾರುವ ರೇಷ್ಮೆಯಂಥ ಬಟ್ಟೆಯ ಚೀಲ ಹಾಕಿ, ಮೇಲೆ ಕಾಲುಚೀಲ ಏರಿಸಿ, ಬೆರಳಿನ ತುದಿಯಿಂದ ಆ ಬಟ್ಟೆಯನ್ನು ಎಳೆದುಕೊಳ್ಳಬಹುದು. ಅರ್ಧ ಗುದ್ದಾಟ ತಪ್ಪುತ್ತದೆ. ಬೆರಳಿನ ಬಣ್ಣವೂ ಕಣ್ಣೆದುರಿಗೇ ಇರುತ್ತದೆ: ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಬಗ್ಗಲಾಗದವರಿಗೆ, ಕೈಬೆರಳಿನಲ್ಲಿ ಸಂಧಿವಾತ ಇರುವವರಿಗೆ ತಂತಿಯ ಚೌಕಟ್ಟು ಬರುತ್ತದೆ. ಕಾಲುಚೀಲವನ್ನು ಅದರ ಮೇಲೆ ಹಿಗ್ಗಿಸಿಟ್ಟು ಪಾದ ಇಳಿಸಿದರಾಯಿತು. ಅದೂ ಆಗದಿದ್ದರೆ ವೆಲ್ಕ್ರೋ ಪಟ್ಟಿಗಳ ಸುತ್ತು. ನೋಡಲು ಚೆಂದವಿಲ್ಲ, ಆದರೆ ಊತ ಇಳಿದಂತೆ ದಿನದಲ್ಲಿ ಎರಡು ಸಲ ಬಿಗಿ ಮಾಡಿಕೊಳ್ಳಬಹುದು. ಬಟ್ಟೆ ಗಡುಸಾದ್ದರಿಂದ ನಡೆಯುವಾಗ ಒಳ್ಳೆಯ ಒತ್ತಡ, ಮಲಗಿದಾಗ ಸಡಿಲ.

ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಸ್ನಾನವಾಗಿ ಅಡ್ಡಾಡಿದ ಮೇಲಾದರೆ ಹತ್ತು ನಿಮಿಷ ಕಾಲು ಮೇಲೆತ್ತಿ ಮಲಗಿ ಹಾಕಬೇಕು. ಚರ್ಮಕ್ಕೆ ಕ್ರೀಮು ರಾತ್ರಿಯೇ, ಬೆಳಿಗ್ಗೆ ಹಚ್ಚಿದರೆ ಕಾಲುಚೀಲವೂ ಜಾರುತ್ತದೆ, ನೂಲೂ ಕೆಡುತ್ತದೆ.

ತೊಡೆಯವರೆಗಿನದು ಬೇಡವೇ? ತೊಡೆಯ ನಾಳಕ್ಕೆ ಲೇಸರ್ ಅಥವಾ ಆರ್‌ಎಫ್ (ರೇಡಿಯೋ ತರಂಗದ ಶಾಖದಿಂದ ನಾಳ ಮುಚ್ಚುವುದು) ಮಾಡಿಸಿದ ಮೇಲೆ ವಾರ, ಎರಡು ವಾರಕ್ಕೆ ವೈದ್ಯರು ಹೇಳಿದರೆ ಸರಿ. ದಿನನಿತ್ಯಕ್ಕೆ ನಮ್ಮ ಮತ ಇಲ್ಲ. ಮೇಲಂಚಿನ ಸಿಲಿಕಾನ್ ಪಟ್ಟಿ ಬೆವರಿಗೆ ತುರಿಕೆ ತರಿಸುತ್ತದೆ, ಕೂತೆದ್ದಾಗ ಮಂಡಿಯ ಹಿಂದೆ ಮಡಿಕೆಯಾಗುತ್ತದೆ. ಊತ, ಚರ್ಮದ ಕೇಡು, ಹುಣ್ಣು ಇವೆಲ್ಲ ಆಗುವುದು ಮಂಡಿಯ ಕೆಳಗೇ. ಆಸ್ಪತ್ರೆಯ ಬಿಳಿ ಕಾಲುಚೀಲವನ್ನು ಮನೆಗೆ ತಂದು ಓಡಾಡಲು ಬಳಸುವವರಿಗೊಂದು ಮಾತು: ಅದು ಮಲಗಿದವರಿಗಾಗಿ ಮಾಡಿದ್ದು, ಗಿಣ್ಣಿನಲ್ಲಿ 18 ಮಿ.ಮೀ. ಆಸುಪಾಸು, ನಿಂತ ಕಾಲಿಗೆ ಸಾಲದು. ಪಾರ್ಶ್ವವಾಯು ರೋಗಿಗಳಲ್ಲಂತೂ ತೊಡೆಯುದ್ದದ ಆ ಬಗೆಯದು ಹೆಪ್ಪನ್ನು ತಡೆಯಲಿಲ್ಲ, ಚರ್ಮದ ಗಾಯ ಹೆಚ್ಚಿಸಿತು ಎಂದು 2009ರ ಕ್ಲಾಟ್ಸ್ ಅಧ್ಯಯನವೇ ತೋರಿಸಿದೆ. ಪಾದವಿಲ್ಲದ ಕ್ರೀಡಾ ಸ್ಲೀವ್ ಕೂಡ ಊತದವರಿಗಲ್ಲ, ನೀರೆಲ್ಲ ಪಾದಕ್ಕಿಳಿಯುತ್ತದೆ.

ಸರಿಯಾದ ಸೈಜಿನಲ್ಲೂ ಗಾಯವಾಗುವುದುಂಟು. ಒತ್ತಡ ಬಾಗಿನ ಮೇಲೆ ನಿಂತಿದೆ: ಸುತ್ತು ಸಣ್ಣದಾದಷ್ಟೂ, ಅಂಚು ಚೂಪಾದಷ್ಟೂ ಅದೇ ಎಳೆತ ಹೆಚ್ಚು ಒತ್ತುತ್ತದೆ. ಅದಕ್ಕೇ ಮೊಣಕಾಲ ಕೆಳಗಿನ ಮುಂಗಾಲ ಮೂಳೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಗಿಣ್ಣಿನ ಎದುರು, ಈ ಮೂರು ಕಡೆ ಮೊದಲು ಕೆಂಪಾಗುವುದು. ತೀರ ಸಣಕಲು ಕಾಲಿನ ವಯಸ್ಸಾದವರಿಗೆ ಅಲ್ಲಿ ತೆಳು ಹತ್ತಿಯ ಪದರ ಇಟ್ಟು ಸುತ್ತನ್ನು ಹಿರಿದು ಮಾಡುವುದೇ ಉಪಾಯ. ಪ್ರತಿ ರಾತ್ರಿ ಬಿಚ್ಚಿದಾಗ ಕಣ್ಣಾಡಿಸಿ. ಹೆಣಿಗೆಯ ಅಚ್ಚು ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ, ಬೆಳಿಗ್ಗೆಯೂ ಉಳಿದಿರುವ ಕೆಂಪು ಅಚ್ಚಲ್ಲ, ಗಾಯದ ಮುನ್ನುಡಿ.

ಇದನ್ನೇ ಕಟ್ಟಿಕೊಂಡು ಎಷ್ಟು ವರ್ಷ? ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ನೇರವಾಗಿದೆ: ಲೇಸರ್, ಆರ್‌ಎಫ್, ಫೋಮ್ (ನಾಳ ಮುಚ್ಚಲು ಚುಚ್ಚುವ ನೊರೆ ಔಷಧಿ), ಶಸ್ತ್ರಚಿಕಿತ್ಸೆ ಯಾವುದೂ ಹೊಂದದಿದ್ದಾಗ ಮಾತ್ರ ವೆರಿಕೋಸ್‌ಗೆ ಕಾಲುಚೀಲವನ್ನೇ ಚಿಕಿತ್ಸೆಯಾಗಿ ಕೊಡಬೇಕು. ಹುಣ್ಣಾದವರಲ್ಲಿ ಎರಡೂ ಬೇಕು. 2018ರ ಎವ್ರಾ ಅಧ್ಯಯನದಲ್ಲಿ ಒತ್ತುಪಟ್ಟಿಯ ಜೊತೆಗೆ ಕೆಟ್ಟ ನಾಳವನ್ನು ಬೇಗ ಮುಚ್ಚಿದವರ ಹುಣ್ಣು ಮಾಯಲು ಮಧ್ಯಮ ಲೆಕ್ಕದಲ್ಲಿ 56 ದಿನ ಹಿಡಿಯಿತು, ಮುಚ್ಚುವುದನ್ನು ಮುಂದೂಡಿದವರಿಗೆ 82 ದಿನ. ಗರ್ಭಿಣಿಯರಿಗೆ, ಆಳದ ನಾಳವೇ ಕೆಟ್ಟವರಿಗೆ, ಚಿಕಿತ್ಸೆಗೆ ಕಾಯುತ್ತಿರುವವರಿಗೆ ಕಾಲುಚೀಲಕ್ಕಿಂತ ಸುಲಭದ ದಾರಿ ಸದ್ಯಕ್ಕಿಲ್ಲ.

ಒಂದೇ ಜೊತೆ ಕೊಳ್ಳಬೇಡಿ, ಎರಡು ಬೇಕು. ದಿನ ಬಿಟ್ಟು ದಿನ ಒಗೆದರೆ ನೂಲು ಮತ್ತೆ ಕುಗ್ಗಿ ಹಿಡಿತ ಮರಳುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಅಷ್ಟೇ. ಸಾಫ್ಟ್‌ನರ್, ಬ್ಲೀಚ್ ಎಲಾಸ್ಟೇನ್‌ಗೆ ವಿಷ. ಹಿಂಡದೆ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೆರಳಲ್ಲಿ ಹರಡಿ. ದಿನವೂ ಹಾಕಿದರೆ ಆಯಸ್ಸು ಆರು ತಿಂಗಳು. ಹರಿಯದೆ ಚೆನ್ನಾಗಿಯೇ ಇದೆಯಲ್ಲ ಎಂದು ವರ್ಷಗಟ್ಟಲೆ ಎಳೆಯುತ್ತಾರೆ. ಒತ್ತಡ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಒಂದು ಬೆಳಿಗ್ಗೆ ಗ್ಲೌಸ್ ಇಲ್ಲದೆ, ಗುದ್ದಾಟವಿಲ್ಲದೆ ಸಲೀಸಾಗಿ ಏರಿತೆಂದರೆ ಕೈ ಪಳಗಿತೆಂದು ಹಿಗ್ಗಬೇಡಿ, ಕಾಲುಚೀಲ ಸತ್ತಿದೆ. ಹೊಸದು ಕೊಳ್ಳುವಾಗ ಹಳೆಯ ಪೊಟ್ಟಣದ ಸೈಜ್ ಹೇಳದೆ ಟೇಪು ಹಿಡಿದು ಮತ್ತೆ ಅಳೆಯಿರಿ. ಆರು ತಿಂಗಳು ಸರಿಯಾಗಿ ಹಾಕಿದ ಕಾಲು ಊತ ಇಳಿದು ಒಂದು ಸೈಜ್ ಕಡಿಮೆಯಾಗಿರಬಹುದು.